ಬಳೆಯ ಅಡಿಯ ಬಣ್ಣ

ಕೌಲ್ ಬಜಾರ್

ಆಫ್ರಿಕಕ್ಕೆ ಹೋಗಿಬಂದೆ ಅಂದ ತಕ್ಷಣ ಬಳ್ಳಾರಿಯಲ್ಲಿ ಎಲ್ಲರೂ ಕೇಳುವುದು ಸಿಂಹದ ವಿಚಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಸಿಂಹ ನೋಡಲಿಲ್ಲ. ಸಿಂಹಕ್ಕೂ ನನ್ನನ್ನು ನೋಡುವ ಭಾಗ್ಯ ಇರಲಿಲ್ಲ. ನಾನು ಹೋದದ್ದು ಜಾಂಬಿಯಾದ ಕಿಟ್ವೆ ಎಂಬ ತಾಮ್ರದ ಗಣಿಯ ಊರಿಗೆ. ನನ್ನ ಅಕ್ಕನ ಆರು ವರ್ಷದ ಮಗಳು ನೀಲಾಳನ್ನು ಕರೆತರಲು.

ನಮ್ಮ ಭಾವ ಅಲ್ಲಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎರಡು ವರ್ಷಕ್ಕೆಂದು ಹೋದವರನ್ನು ಇನ್ನೊಂದು ವರ್ಷ ಉಳಿಸಿಕೊಂಡರು. ಸಿರುಗುಪ್ಪದಲ್ಲಿದ್ದ ಅವರ ತಾಯಿ ಸಿದ್ದಮ್ಮ ಹಟ ಹಿಡಿದರು: ಮೊಮ್ಮಗಳು ಅಲ್ಲೇ ಇದ್ದರೆ ಕನ್ನಡ ಮರೀತಾಳೆ, ನನ್ನ ಹತ್ತಿರ ಕಳಿಸಿರಿ, ಇಲ್ಲೇ ಸಾಲಿಗೆ ಹಾಕೋಣ. ಅಷ್ಟು ದೂರ ಹೋಗಿ ಕರೆತರುವವರು ಯಾರು? ಮನೆಯಲ್ಲಿ ಎಲ್ಲರಿಗೂ ಕೆಲಸ ಇತ್ತು. ನನಗೂ ಇತ್ತು, ಆದರೆ ಅದನ್ನು ಕೆಲಸ ಅಂತ ಮನೆಯವರು ಯಾರೂ ಒಪ್ಪಿರಲಿಲ್ಲ.

ನಾನು ಕೌಲ್ ಬಜಾರಿನ ಖಾದರ್ ಚಾಚಾನ ಫೋಟೋ ಸ್ಟುಡಿಯೋದಲ್ಲಿ ಮುಖ ತಿದ್ದುವವನು. ನೆಗೆಟಿವ್‌ನಲ್ಲಿ ಲೋಕವೆಲ್ಲ ತಿರುಗುಮುರುಗು. ಕರಿ ಕೂದಲು ಬೆಳ್ಳಗೆ, ಬಿಳಿ ಅಂಗಿ ಕರ್ರಗೆ. ಅಲ್ಲಿ ಮುಖದ ಮೇಲೆ ಸೂಜಿಯಂಥ ಪೆನ್ಸಿಲಿನಿಂದ ಎಷ್ಟು ಕರಿ ತುಂಬಿದರೆ, ಪ್ರಿಂಟಿನಲ್ಲಿ ಮುಖ ಅಷ್ಟು ಬೆಳ್ಳಗೆ ಬರುತ್ತದೆ. ಗಂಡಿನ ಕಡೆಗೆ ಕಳಿಸುವ ಹುಡುಗಿಯರ ಫೋಟೋ ಅಂದರೆ ನಮಗೆ ಹಬ್ಬ. ನಮ್ಮ ಪೆನ್ಸಿಲ್ ಮುಟ್ಟಿದ ಮೇಲೆ ಬಳ್ಳಾರಿಯ ಬಿಸಿಲು ಯಾವ ಹುಡುಗಿಯ ಮುಖಕ್ಕೂ ತಾಗಿದ್ದಿಲ್ಲ.

ನಮ್ಮ ಶಾಂತಕ್ಕನ ಫೋಟೋವನ್ನೂ ಚಾಚಾನೇ ತಿದ್ದಿದ್ದ. ಅದನ್ನು ನೋಡಿ ಸಿರುಗುಪ್ಪದಿಂದ ಬಂದ ಸಿದ್ದಮ್ಮ, ಅವಲಕ್ಕಿ ತಟ್ಟೆ ಹಿಡಿದು ಬಂದ ಅಕ್ಕನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದರು: "ಫೋಟೋದಾಗಿನ ಹುಡುಗಿ ಇನ್ನೂ ಒಳಗ ಅದಾಳೇನ್ರಿ?"

ಭಾವ ತಲೆ ತಗ್ಗಿಸಿ, "ಈಕೀನ ಸಾಕವ್ವಾ" ಅಂದರು. ಮದುವೆ ಆಯಿತು. ಆದರೆ ಆ ಪ್ರಶ್ನೆ ಹೋಗಲಿಲ್ಲ. ಅಕ್ಕನ ಬಣ್ಣವನ್ನೇ ಹೊತ್ತು ನೀಲಾ ಹುಟ್ಟಿದಾಗ ಸಿದ್ದಮ್ಮ ತೊಟ್ಟಿಲಿಗೆ ಬಗ್ಗಿ, "ಬಾ ನಮ್ಮ ಕರೆವ್ವ" ಅಂದರು. ಪ್ರೀತಿಯಿಂದಲೇ ಅಂದರು. ಓಣಿಯೆಲ್ಲ ಅದನ್ನೇ ಹಿಡಿಯಿತು. ನಾಲ್ಕು ವರ್ಷಕ್ಕೆ ಕಿಟ್ವೆಗೆ ಹೊರಡುವ ತನಕ ಮಗುವಿಗೆ ತನ್ನ ಹೆಸರು ನೀಲಾ ಎಂಬುದು ಹಬ್ಬಕ್ಕೊಮ್ಮೆ ಮಾತ್ರ ನೆನಪಾಗುತ್ತಿತ್ತು.

ಹೊರಡುವ ದಿನ ಅವ್ವ ನನ್ನ ಚೀಲದಲ್ಲಿ ಶೇಂಗಾ ಚಟ್ನಿಪುಡಿಯ ಪಕ್ಕ ಒಂದು ತಗಡಿನ ಡಬ್ಬಿ ತುರುಕಿದಳು. ಕಡಲೆ ಹಿಟ್ಟು, ಅರಿಷಿಣ, ಇನ್ನೂ ಏನೇನೋ.

"ದಿನಾ ಹಾಲಿನಾಗ ಕಲಸಿ ಕೂಸಿನ ಮೈಗೆ ಹಚ್ಚಂತ ಅಕ್ಕಗ ಹೇಳು. ಸಿರುಗುಪ್ಪದಾಕಿ ಮುಂದ ನಿಲ್ಲೂದ್ರಾಗ ಸ್ವಲ್ಪ ತಿಳಿ ಆಗ್ಲಿ."

ಲುಸಾಕಾ

ಆ ಡಬ್ಬಿಯ ಮಹಿಮೆ ವಿಮಾನ ನಿಲ್ದಾಣದಲ್ಲೇ ಶುರುವಾಯಿತು. ತಪಾಸಣೆಯ ಅಧಿಕಾರಿ ಮುಚ್ಚಳ ತೆಗೆದು, ಹಳದಿ ಪುಡಿಯನ್ನು ನೋಡಿ, ನನ್ನನ್ನು ನೋಡಿ, ಇನ್ನೊಬ್ಬನನ್ನು ಕರೆದ. ನನ್ನ ಇಂಗ್ಲಿಷು ಬೊಂಬಾಯಿಯಲ್ಲೇ ಖರ್ಚಾಗಿ ಹೋಗಿತ್ತು. "ಫೇಸ್! ಫೇಸ್!" ಅಂದೆ. ಅವರಿಗೆ ತಿಳಿಯಲಿಲ್ಲ. ಕೊನೆಗೆ ನೀರು ಕೇಳಿ, ಅಂಗೈಯಲ್ಲಿ ಕಲಸಿ, ಅಷ್ಟು ಜನರ ಮುಂದೆ ನನ್ನ ಮುಖಕ್ಕೆ ನಾನೇ ಅರಿಷಿಣ ಹಚ್ಚಿಕೊಂಡೆ. ಮದುವೆಯಾಗದ ಹುಡುಗ, ಸುರಗಿ ನೀರಿಲ್ಲ, ಸೋಬಾನೆ ಇಲ್ಲ, ಪರದೇಶದಲ್ಲಿ ಮದುಮಗನಾಗಿ ನಿಂತೆ.

"ಇದನ್ನು ಹಚ್ಚಿದರೆ ಏನಾಗುತ್ತದೆ?" ಅಂತ ಅಧಿಕಾರಿ ಕೇಳಿದ.

"ಬೆಳ್ಳಗಾಗ್ತಾರೆ" ಎಂಬುದನ್ನು ಕೈಸನ್ನೆಯಲ್ಲಿ ಹೇಳಿದೆ. ಅವನು ಇದ್ದಿಲಿನಂತೆ ಮಿರುಗುವ ಮನುಷ್ಯ. ಮುಚ್ಚಳ ಹಾಕಿ, ಡಬ್ಬಿಯನ್ನು ನನ್ನ ಕೈಗೆ ಮೆಲ್ಲಗೆ ಇಟ್ಟು, "ಯಾಕೆ?" ಅಂದ.

ಡಬ್ಬಿಯನ್ನು ಚೀಲಕ್ಕೆ ತುರುಕಿದೆ. ಹಿಂದಿನವರು ತಳ್ಳಿದರು, ನಡೆದೆ.

ಕಿಟ್ವೆ

ಕಿಟ್ವೆಯ ನೆಲ ಕೆಂಪು, ಗಾಳಿಗೆ ಗಣಿಯ ವಾಸನೆ, ಊರಾಚೆ ಅದಿರಿನ ಕಸದ ಗುಡ್ಡ. ಕಣ್ಣು ಅರ್ಧ ಮುಚ್ಚಿದರೆ ಸಂಡೂರು ರಸ್ತೆಯೇ. ಕಣ್ಣು ಪೂರ್ತಿ ತೆರೆದರೆ ಮಾತ್ರ ರಸ್ತೆಯ ಎರಡೂ ಕಡೆ ನೇರಳೆ ಹೂವಿನ ಮರಗಳು, ಮನೆಯಷ್ಟು ಎತ್ತರದ ಹುತ್ತಗಳು. ಊಟಕ್ಕೆ ಬಿಳಿ ಮೆಕ್ಕೆಜೋಳದ ಸಂಗಟಿ, ಮುದ್ದೆಯಂಥದೇ. ಅವರದನ್ನು ಅವರು ಸಂಗಟಿ ಅನ್ನುವುದಿಲ್ಲ, ಅಷ್ಟೇ ವ್ಯತ್ಯಾಸ.

ಅಲ್ಲಿಯವರು ಮೊದಲು ನಮಸ್ಕಾರ ಹೇಳಿಕೊಳ್ಳದೆ ಮಾತನಾಡುವುದಿಲ್ಲ. ಅಂಗಡಿಗೆ ನುಗ್ಗಿ "ಸಕ್ಕರೆ ಎಷ್ಟು" ಅಂದರೆ ಅಂಗಡಿಯವನಿಗೆ ಕಿವಿಯೇ ಕೇಳಿಸುವುದಿಲ್ಲ. ಮೊಣಕಾಲು ಸ್ವಲ್ಪ ಬಗ್ಗಿಸಿ, ಅಂಗೈ ಬೋಗುಣಿ ಮಾಡಿ ಮೆತ್ತಗೆ ಚಪ್ಪಾಳೆ ತಟ್ಟಬೇಕು. ನಾನು ಉತ್ಸಾಹದಿಂದ ತಟ್ಟಿದ್ದು ಸಿರುಗುಪ್ಪದ ಗದ್ದೆಯಲ್ಲಿ ಗುಬ್ಬಿ ಓಡಿಸಿದ ಹಾಗೆ ಕೇಳಿ, ಸಾಲಿನಲ್ಲಿದ್ದ ಒಬ್ಬ ಮುದುಕ ಬೆಚ್ಚಿಬಿದ್ದ.

ಎರಡು ವರ್ಷದಲ್ಲಿ ನೀಲಾ ಉದ್ದ ಆಗಿದ್ದಳು. ನನ್ನ ಕಿವಿಯ ಹಿಂದೆ ಉಳಿದಿದ್ದ ಹಳದಿ ನೋಡಿ, ಚೀಲ ಕೆದಕಿ, ಡಬ್ಬಿ ಹುಡುಕಿಬಿಟ್ಟಳು. ಮೂಸಿದಳು. ಅವಳಿಗೆ ಆ ವಾಸನೆ ಮರೆತಿರಲಿಲ್ಲ.

"ನಾ ಬರಂಗಿಲ್ಲ ಮಾಮಾ."

"ಯಾಕ? ಅಜ್ಜಿ ಕಾಯಾಕತ್ಯಾಳ."

"ಅಲ್ಲಿ ನಾ ಕರೆವ್ವ. ಇಲ್ಲಿ ನಾ ಬೆಳ್ಳಗ ಅದೀನಿ. ಸಾಲ್ಯಾಗ ಎಲ್ಲಾರಕಿಂತ ಬೆಳ್ಳಗ."

ನಾನು ರೂಢಿಯಿಂದ ಜೇಬಿನಲ್ಲಿ ಇಟ್ಟುಕೊಂಡಿದ್ದ ನೆಗೆಟಿವ್ ತುಂಡನ್ನು ಅವಳು ಕಿಟಕಿಗೆ ಹಿಡಿದು ನೋಡುತ್ತಿದ್ದಳು. ಅಕ್ಕನ ಮದುವೆಯ ಫೋಟೋ ಅದು. "ಇದರಾಗ ಅವ್ವ ಬೆಳ್ಳಗ, ಅಪ್ಪನ ಅಂಗಿ ಕರ್ರಗ. ಈ ಊರೂ ಹಿಂಗ ಐತಿ ಮಾಮಾ. ನೆಗೆಟಿವ್ ಊರು."

ಅಕ್ಕ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಆಕಿ ಒಪ್ಪಿದ್ರಷ್ಟ ಕಳಸ್ತೀನಿ" ಅಂದಳು. "ಅಳಿಸಿ ಕಳಸಾಕ ಆಗಂಗಿಲ್ಲ. ನಾ ಆ ಮನ್ಯಾಗ ಎಂಟು ವರ್ಷ ಕಳದೀನಲೇ ಮಲ್ಲ್ಯಾ, ಆ ಮಾತು ಎಲ್ಲಿ ನಾಟತೈತಿ ನಂಗೊತ್ತು."

ಮಾವಿನ ಮರದ ಸಾಲೆ

ಮರುದಿನ ನೀಲಾಳನ್ನು ಸಾಲೆಗೆ ಬಿಡಲು ಹೋದೆ. ದಾರಿಯಲ್ಲೇ ಅವಳ ಗೆಳತಿ ಮುತಾಲೆ ಜೊತೆಯಾದಳು. ಮುಂದಿನ ಹಲ್ಲು ಬಿದ್ದ, ದುಂಡು ಕಣ್ಣಿನ ಹುಡುಗಿ. ಚಪ್ಪಾಳೆ ತಟ್ಟಿ ನಮಸ್ಕಾರ ಹೇಳಿ, ಸಾಲೆಯ ಸುಲಭ ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಅಂದಳು: "ನನ್ನ ಹೆಸರು ಮುತಾಲೆ. ನೀಲಾ ಮಾತ್ರ ನನ್ನನ್ನು ಕರೆವ್ವ ಅಂತಾಳೆ. ಹಾಗಂದರೆ ಏನು?"

ನೀಲಾ ನೆಲ ನೋಡಿದಳು. ನಾನು ಆಕಾಶ ನೋಡಿದೆ. ಆಮೇಲೆ ನನ್ನ ಬಾಯಿ ತನ್ನ ಹುಟ್ಟುಗುಣ ತೋರಿಸಿತು. "ರಾಣಿ" ಅಂದೆ.

ಮುತಾಲೆ ಸಾಲೆಯವರೆಗೂ ರಾಣಿಯ ಹಾಗೇ ನಡೆದಳು. ನನಗೆ ಪ್ರತಿ ಹೆಜ್ಜೆಯೂ ಭಾರವಾಯಿತು. ಸಿರುಗುಪ್ಪದ ತೊಟ್ಟಿಲಿನ ಮಾತು ಸಮುದ್ರ ದಾಟಿ ಬಂದು ಇನ್ನೊಂದು ಕೂಸಿನ ತಲೆಯ ಮೇಲೆ ಕೂತಿತ್ತು. ತಂದವಳು ನಮ್ಮ ನೀಲಾ.

ಮಾವಿನ ಮರದ ಕೆಳಗೆ ಅವರ ತರಗತಿ. ಫಿರಿ ಟೀಚರ್ ನಡುವಯಸ್ಸಿನ ಹೆಂಗಸು, ಬೆನ್ನಿಗೆ ಬಟ್ಟೆಯಲ್ಲಿ ತನ್ನ ಕೂಸನ್ನು ಕಟ್ಟಿಕೊಂಡೇ ಪಾಠ ಹೇಳುತ್ತಿದ್ದಳು. ಆಗ ಅಲ್ಲಿ ಸಾಬೂನಿಗೂ ಎಣ್ಣೆಗೂ ತತ್ವಾರ, ಡ್ರಾಯಿಂಗ್ ಬಣ್ಣ ಎಲ್ಲಿಂದ ಬರಬೇಕು? ಅದಕ್ಕೆ ಆಕೆ ಮಣ್ಣು ತರಿಸಿದ್ದಳು. ಹುತ್ತದ ಕೆಂಪು, ಹೊಳೆಯ ತಗ್ಗಿನ ಕರಿ, ರಸ್ತೆ ಅಗೆದ ಕಡೆಯ ಹಳದಿ, ಮನೆಗೋಡೆಗೆ ಬಳಿಯುವ ಬಿಳಿ. ಒಂದೊಂದನ್ನೂ ಮೆಕ್ಕೆಜೋಳದ ತಿಳಿಗಂಜಿಯಲ್ಲಿ ಕಲಸಿ ತಟ್ಟೆಗಳಲ್ಲಿ ಇಟ್ಟಿದ್ದಳು.

ನಾನು ಫೋಟೋಗೆ ಬಣ್ಣ ಹಾಕುವವನು ಅಂತ ನೀಲಾ ಡಂಗುರ ಹೊಡೆದಿದ್ದಳು. ಟೀಚರ್ ನನ್ನನ್ನೂ ಮಕ್ಕಳ ಜೊತೆ ಚಾಪೆಯ ಮೇಲೆ ಕೂರಿಸಿದಳು.

ಆಟ ಹೀಗಿತ್ತು. ಇಬ್ಬಿಬ್ಬರು ಎದುರುಬದುರು. ಎದುರಿಗಿದ್ದವರ ಕೈಯ ಬಣ್ಣವನ್ನು ಮಣ್ಣಿನಲ್ಲಿ ಕೂಡಿಸಬೇಕು. ಕೂಡಿಸಿದ್ದನ್ನು ಅವರ ಕೈ ಮೇಲೆ ಒಂದು ಬೊಟ್ಟು ಇಡಬೇಕು. ಆರಿದ ಮೇಲೆ ಬೊಟ್ಟು ಕಾಣಿಸಿದರೆ ತಪ್ಪು. ಬೊಟ್ಟು ಎಲ್ಲಿದೆ ಅಂತ ಕಾಣದೇ ಹೋದರೆ ಸರಿ. ಆಮೇಲೆ ಆ ಬಣ್ಣದಿಂದ ಅವರ ಮುಖ ಬರೆಯಬೇಕು.

"ಮೊದಲು ಚೆನ್ನಾಗಿ ನೋಡಿ" ಅಂದಳು ಟೀಚರ್. ಅಷ್ಟೇ ಅವಳ ಪಾಠ.

ನನಗೆ ಮೊದಲು ನೀಲಾಳ ಕೈ ಸಿಕ್ಕಿತು. ಇದು ನನ್ನ ಕಸುಬು, ಮಕ್ಕಳ ಮುಂದೆ ಪವಾಡ ತೋರಿಸುತ್ತೇನೆ ಅಂತ ತೋಳು ಏರಿಸಿದೆ. ಕಲಸಿದೆ, ಬೊಟ್ಟು ಇಟ್ಟೆ. ಆರಿತು. ನೀಲಾಳ ಕೈ ಮೇಲೆ ಅದು ವಿಭೂತಿಯ ಹಾಗೆ ಕೂತಿತು. ಇನ್ನೊಮ್ಮೆ ಕಲಸಿದೆ, ಮತ್ತೆ ವಿಭೂತಿ. ಮೂರನೆಯದಕ್ಕೆ ಅವಳ ಕೈ ಜಂಗಮಯ್ಯನ ಕೈಯಾಗಿತ್ತು. ಸುತ್ತಲಿನ ಮಕ್ಕಳು ನಕ್ಕು ಉರುಳಾಡಿದವು. ಒಬ್ಬ ಹುಡುಗ ಕನಿಕರದಿಂದ ನನ್ನ ಕಣ್ಣಿನ ಮುಂದೆ ಬೆರಳು ಆಡಿಸಿ ನೋಡಿದ, ಪಾಪ, ಇವನಿಗೆ ಕಾಣಿಸುತ್ತದೋ ಇಲ್ಲವೋ ಅಂತ.

ಟೀಚರ್ ಬಗ್ಗಿ ನನ್ನ ಬೆರಳಿನ ಕಡೆ ನೋಡುತ್ತಿದ್ದಳು. "ನೀವು ಪ್ರತಿ ಸಲ ಮೊದಲು ಬಿಳಿ ತಟ್ಟೆಗೇ ಕೈ ಹಾಕುತ್ತೀರಿ" ಅಂದಳು.

ನೋಡಿಕೊಂಡೆ. ಹೌದು. ನನ್ನ ಬೆರಳು ಸುಣ್ಣದ ಬಿಳಿಯಲ್ಲಿ ಮುಳುಗಿತ್ತು. ನಾನು ಹಾಕು ಅಂತ ಅದಕ್ಕೆ ಹೇಳಿರಲಿಲ್ಲ.

ನನ್ನನ್ನು ಬದಿಗೆ ಸರಿಸಿ ಮುತಾಲೆ ಎದುರಿಗೆ ಕೂತಳು. ಆ ಹುಡುಗಿಗೆ ಅವಸರವೇ ಇಲ್ಲ. ನೀಲಾಳ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕೆಂಪು ತೆಗೆದುಕೊಂಡಳು, ಹಳದಿ ಸೇರಿಸಿದಳು, ಆಮೇಲೆ ಕರಿ. ಇನ್ನೂ ಸ್ವಲ್ಪ ಕರಿ. ಬೊಟ್ಟು ಇಟ್ಟು ಉಫ್ ಉಫ್ ಅಂತ ಊದಿದಳು. ಆರುತ್ತ ಆರುತ್ತ ಬೊಟ್ಟು ಕೈಯೊಳಗೆ ಇಳಿದುಹೋದ ಹಾಗೆ ಮಾಯವಾಯಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದವು.

ನೀಲಾ ತಟ್ಟಲಿಲ್ಲ. ತನ್ನ ಕೈ ಸವರಿ ಬೊಟ್ಟು ಹುಡುಕಿದಳು. ಮುತಾಲೆಯ ತಟ್ಟೆ ನೋಡಿದಳು. ಕಣ್ಣು ತುಂಬಿಬಂತು.

"ಮಾಮಾ, ಆಕಿ ಇಷ್ಟು ಕರಿ ಹಾಕಿದ್ಲು. ಆದ್ರೂ ಕಾಣವಲ್ದು."

ಕಸುಬಿನಲ್ಲಿ ಎಷ್ಟೋ ಹುಡುಗಿಯರ ಮುಖ ನಗಿಸಿದವನು ನಾನು. ಈಗ ಜೇಬಿನಲ್ಲಿ ಕರವಸ್ತ್ರ ಹುಡುಕುತ್ತಿದ್ದೆ. ಟೀಚರ್ ಕಣ್ಣೀರು ಒರೆಸಲು ಹೋಗಲಿಲ್ಲ. ಒಂದು ಖಾಲಿ ತಟ್ಟೆಯನ್ನು ನೀಲಾಳ ಮುಂದೆ ಇಟ್ಟು, "ಈಗ ನಿನ್ನ ಸರದಿ. ಮುತಾಲೆ ಕಾಯುತ್ತಿದ್ದಾಳೆ" ಅಂದಳು.

ನೀಲಾ ಮೊದಲು ಬರೀ ಕರಿ ಇಟ್ಟಳು. ಮುತಾಲೆಯ ಕೈ ಮೇಲೆ ಅದು ಹೊಂಡದ ಹಾಗೆ ಕಂಡಿತು. ನೀಲಾ ಮೂಗೊರೆಸಿಕೊಂಡು ಬಗ್ಗಿದಳು. ಮೊದಲ ಬಾರಿಗೆ ಗೆಳತಿಯ ಕೈ ನೋಡಿದಳು ಅನಿಸಿತು ನನಗೆ. ಕೆಂಪು ಬೇಕಾಯಿತು. ಹಳದಿಯೂ ಬೇಕಾಯಿತು. ಮೊಣಕೈ ಹತ್ತಿರ ಒಂದು ಬಣ್ಣ, ಮಣಿಕಟ್ಟಿನ ಒಳಗೆ ಇನ್ನೊಂದು. ಬೇರೆ ಮಕ್ಕಳೆಲ್ಲ ಮುಖ ಬರೆದು ಮುಗಿಸಿ ಆಡಲು ಓಡಿದರು. ಇವರಿಬ್ಬರು ಎದ್ದಿರಲಿಲ್ಲ. ಕೊನೆಗೆ ಬೊಟ್ಟು ಮಾಯವಾದಾಗ ಇಬ್ಬರ ಮುಂದೆಯೂ ತಟ್ಟೆಗಳಿದ್ದವು. ಅವೇ ಮೂರು ಮಣ್ಣು, ಚಿಟಿಕೆ ಮಾತ್ರ ಹೆಚ್ಚು ಕಡಿಮೆ.

ಮನೆಗೆ ಬರುವಾಗ ಮುತಾಲೆ ಕೇಳಿದಳು: "ಇವತ್ತು ಯಾಕೆ ನನ್ನನ್ನು ಕರೆವ್ವ ಅಂತ ಕರೆಯಲಿಲ್ಲ?"

ನೀಲಾ ನಿಂತಳು. "ಮಾಮಾ ಸುಳ್ಳು ಹೇಳಿದ. ಅದು ರಾಣಿ ಅಲ್ಲ. ಅದು ಒಳ್ಳೆ ಹೆಸರಲ್ಲ. ಮೊದಲು ಅದು ನಂದಾಗಿತ್ತು."

"ನಿನಗೆ ಯಾರು ಇಟ್ಟರು?"

"ನಮ್ಮಜ್ಜಿ."

ಮುತಾಲೆ ಅಳಲಿಲ್ಲ, ಸಿಟ್ಟಾಗಲಿಲ್ಲ. ಸ್ವಲ್ಪ ದೂರ ಒಬ್ಬಳೇ ಮುಂದೆ ನಡೆದಳು. ನೀಲಾ ಅವಳ ಹಿಂದೆ. ನಾನು ಇಬ್ಬರ ಹಿಂದೆ, ಬಾಲ ಮಡಚಿದ ನಾಯಿಯ ಹಾಗೆ. ಹುತ್ತದ ಹತ್ತಿರ ಮುತಾಲೆ ತಿರುಗಿ ಕೇಳಿದಳು: "ನಿಮ್ಮಜ್ಜಿಯ ಕೈ ಯಾವ ಬಣ್ಣ?"

ನೀಲಾ ನನ್ನ ಕಡೆ ನೋಡಿದಳು. ನನಗೂ ಗೊತ್ತಿರಲಿಲ್ಲ. ಸಿದ್ದಮ್ಮನ ಮಾತು ನೆನಪಿತ್ತು, ಅವರ ನೋಟ ನೆನಪಿತ್ತು. ಕೈ ಯಾರು ನೋಡಿದ್ದರು?

ಅವತ್ತು ಉಣ್ಣುವಾಗ ನೀಲಾ ಅಕ್ಕನಿಗೆ ಹೇಳಿದಳು: "ನಾ ಹೋಗ್ತೀನವ್ವಾ. ಅಜ್ಜಿ ಕೈ ನೋಡಬೇಕು."

ಅಕ್ಕ ಸಂಗಟಿ ಕಟ್ಟುವುದನ್ನು ಬಿಟ್ಟು ಎದ್ದಳು. ಡಬ್ಬಿಯನ್ನು ನನಗೆ ವಾಪಸು ಕೊಡಲು ಬಂದಾಗ ನೀಲಾ ಕಸಿದುಕೊಂಡಳು. "ಹಳದಿ ಬೇಕಾಗತೈತಿ" ಅಂದಳು.

ಕುರುಗೋಡು

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೊರಟ ಬಸ್ಸು ಕುರುಗೋಡಿನಲ್ಲಿ ನಿಂತಿತು. ಬಂಡೆ ಬಂಡೆ ಪೇರಿಸಿಟ್ಟ ಗುಡ್ಡ ಕಂಡದ್ದೇ ನೀಲಾ ಕಿಟಕಿಯಿಂದ ಕೈ ತೋರಿಸಿದಳು. "ಮಾಮಾ, ಅಲ್ಲಿ ಕೆಂಪು ಐತಿ!"

"ಮುಂದ ಸಿಗತೈತಿ ಬಾ."

"ಮುಂದ ಎಲ್ಲಾ ಕರಿ ಅಂತ ನೀನ ಹೇಳಿದಿ."

ಇಳಿದೆ. ಇಷ್ಟು ದೇಶ ಸುತ್ತಿಬಂದವನಿಗೆ ಒಂದು ಹಿಡಿ ಕೆಮ್ಮಣ್ಣು ಯಾವ ಲೆಕ್ಕ ಅಂತ ಕರವಸ್ತ್ರದಲ್ಲಿ ತುಂಬುತ್ತಿದ್ದೆ. ಬಸ್ಸು ಹೊರಟಿತು. ಕೂಸು ಬಸ್ಸಿನಲ್ಲಿ, ನಾನು ಮಣ್ಣಿನಲ್ಲಿ. ಪಂಚೆ ಎತ್ತಿ ಓಡಿದೆ. ಹಿಂದಿನ ಸೀಟಿನ ಒಬ್ಬ ಮುದುಕಿ ಕಿರುಚಿದ್ದಕ್ಕೆ ಕಂಡಕ್ಟರು ಸೀಟಿ ಊದಿದ.

"ಏನ್ ಸ್ವಾಮಿ, ಬಂಗಾರ ಸಿಕ್ತೇನ್ರಿ?"

"ನಮ್ಮ ಬೀಗತಿ ಕೈ ಐತ್ರಿ ಇದು" ಅಂದೆ, ಏದುಸಿರಿನಲ್ಲಿ. ಬಸ್ಸಿನವರು ಸಿರುಗುಪ್ಪದ ತನಕ ನನ್ನ ಪಕ್ಕ ಕೂರಲಿಲ್ಲ.

ಸಿರುಗುಪ್ಪ

ಸಿದ್ದಮ್ಮ ಬಾಗಿಲಲ್ಲೇ ನಿಂತಿದ್ದರು. ಮೊಮ್ಮಗಳ ಮುಖ ಎರಡೂ ಕೈಯಲ್ಲಿ ಹಿಡಿದರು, ನೆಟಿಕೆ ಮುರಿದರು, ಕಣ್ಣೀರು ಹಾಕಿದರು. ಅದೇ ಕಣ್ಣೀರಿನಲ್ಲೇ ಅಂದರು: "ಬಂದ್ಯಾ ನನ್ನ ಕರೆವ್ವ! ಆ ದೇಶಕ್ಕ ಹೋಗಿ ಇನ್ನೂ ಒಂದು ಕೈ ಹೆಚ್ಚ ಆಗೀಯಲ್ಲವ್ವಾ!"

ನೀಲಾ ಅಜ್ಜಿಯ ಕೈ ಬಿಡಿಸಿಕೊಂಡಳು. ಆಟಕ್ಕೆ ಹೊರಟವಳ ಹಾಗೆ ಹಿಂದಿನ ಗದ್ದೆಗೆ ಹೋಗಿ ಕರಿ ಎರೆಮಣ್ಣು ತಂದಳು. ಅಡುಗೆಮನೆಯಿಂದ ಅಕ್ಕಿ ಗಂಜಿ ತಂದಳು. ಕರವಸ್ತ್ರದ ಕೆಂಪು ಬಿಚ್ಚಿದಳು, ಡಬ್ಬಿ ತೆಗೆದಳು. ಕಟ್ಟೆಯ ಮೇಲೆ ಅಜ್ಜಿಯ ಮುಂದೆ ಕೂತು, "ಕೈ ಕೊಡಜ್ಜಿ" ಅಂದಳು.

"ಏನಲೇ ಮಲ್ಲಪ್ಪ ಇದು, ಕೂಸಿಗೆ ಮಣ್ಣಾಡಿಸಾಕ ಕಲಿಸ್ಕೊಂಡ ಬಂದೀಯೇನು?"

"ನಾ ಕಲಿಸಿಲ್ರಿ ಅತ್ತಿ. ಇದರಾಗ ನಾ ನಪಾಸ್ ಆಗೀನಿ."

ಸಿದ್ದಮ್ಮ ನಗುತ್ತಲೇ ಕೈ ಚಾಚಿದರು. ನಲವತ್ತು ವರ್ಷ ಭತ್ತ ನಾಟಿ ಮಾಡಿದ ಕೈ ಅದು. ನೀಲಾ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ತಿರುಗಿಸಿ, ಬಿಸಿಲಿಗೆ ಹಿಡಿದು ನೋಡಿದಳು. ಎರೆಮಣ್ಣು ತೆಗೆದುಕೊಂಡಳು. ಬೊಟ್ಟು ಕಾಣಿಸಿತು. ಕೆಂಪು ಸೇರಿಸಿದಳು. ಮತ್ತೆ ಎರೆ. ಊದಿದಳು. ನಗುತ್ತಿದ್ದ ಸಿದ್ದಮ್ಮ ಎಲ್ಲೋ ನಡುವೆ ನಗು ನಿಲ್ಲಿಸಿದ್ದರು. ಅವರ ಕೈಯನ್ನು ಇಷ್ಟು ಹೊತ್ತು ಯಾರೂ ಹಿಡಿದು ನೋಡಿರಲಿಕ್ಕಿಲ್ಲ.

ಬೊಟ್ಟು ಮಾಯವಾಯಿತು.

ನೀಲಾ ಅದೇ ಬಣ್ಣವನ್ನು ತನ್ನ ಕೈ ಮೇಲೆ ಇಟ್ಟುಕೊಂಡಳು. ಊದಿ ಕಾದಳು. ಅಲ್ಲೂ ಕಾಣಲಿಲ್ಲ. ಎರಡು ಕೈ ಪಕ್ಕ ಪಕ್ಕ ಇದ್ದವು.

ಹೊಲದಿಂದ ಬಂದ ಎಮ್ಮೆ ಬಾಗಿಲಲ್ಲಿ ನಿಂತು ಕೂಗಿದರೂ ಸಿದ್ದಮ್ಮ ಏಳಲಿಲ್ಲ. ಆಮೇಲೆ ಮೆಲ್ಲಗೆ, ಎಡಗೈಯಿಂದ ಬಲಗೈಯ ಹಸಿರು ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸಿದರು. ಬಳೆಯ ಅಡಿಯಲ್ಲಿ, ಬಿಸಿಲು ಕಾಣದ ಜಾಗದಲ್ಲಿ, ಬೇರೆ ಬಣ್ಣದ ಒಂದು ಪಟ್ಟಿ ಇತ್ತು.

"ಇಲ್ಲಿ ನೋಡು" ಅಂದರು, ದನಿ ತಗ್ಗಿಸಿ. "ಮದಿವ್ಯಾಗಿ ಬಂದಾಗ ನಾ ಇಷ್ಟು ಇದ್ದೆ. ಆದ್ರೂ ನಮ್ಮತ್ತಿ ನನ್ನ ಕಾಗಿ ಅಂತಿದ್ಲು."

ನೀಲಾ ಡಬ್ಬಿಯ ಹಳದಿ ತೆಗೆದು ಆ ಪಟ್ಟಿಗೂ ಬಣ್ಣ ಕೂಡಿಸಲು ಕೂತಳು. ಅದು ಬಹಳ ಹೊತ್ತು ಹಿಡಿಯಿತು. ಸಿದ್ದಮ್ಮ ಬಳೆಗಳನ್ನು ಹಾಗೇ ಎತ್ತಿ ಹಿಡಿದಿದ್ದರು. ನಾನು ಚೀಲದಿಂದ ಚಾಚಾನ ಕ್ಯಾಮೆರಾ ತೆಗೆದು ಫೋಟೋ ಹಿಡಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಸಂಜೆ ಒಳಗಿನಿಂದ ಕರೆ ಬಂತು. "ಕರೆವ್ವಾ, ಉಣ್ಣಾಕ ಬಾ." ನೀಲಾ ಕಟ್ಟೆ ಬಿಟ್ಟು ಕದಲಲಿಲ್ಲ. ಇನ್ನೊಮ್ಮೆ ಕರೆ ಬಂತು. ಇವಳು ಕಾಲು ಆಡಿಸುತ್ತ ಕೂತಿದ್ದಳು. ನನ್ನ ಹೊಟ್ಟೆಯೂ ಚುರುಗುಟ್ಟುತ್ತಿತ್ತು, ಆದರೆ ಏಳುವ ಧೈರ್ಯ ಆಗಲಿಲ್ಲ. ಕೊನೆಗೆ ಸಿದ್ದಮ್ಮನೇ ತಟ್ಟೆ ಹಿಡಿದು ಹೊರಗೆ ಬಂದರು. ಯಾವ ಹೆಸರೂ ಹಿಡಿಯದೆ ಪಕ್ಕ ಕೂತು, ಅನ್ನ ಕಲಸಿ ತುತ್ತು ಕೊಟ್ಟರು. ಬಲಗೈಯ ಬೊಟ್ಟುಗಳನ್ನು ಇನ್ನೂ ತೊಳೆದಿರಲಿಲ್ಲ. ತೊಳೆದಿರಲಿಲ್ಲ ಅಂತ ನನಗೆ ಗೊತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ.

ವಾರ ಕಳೆದು ಆ ಫೋಟೋಗೆ ಗಾಜಿನ ಚೌಕಟ್ಟು ಹಾಕಿಸಿ ಒಯ್ದುಕೊಟ್ಟೆ. ಸ್ಟುಡಿಯೋದಲ್ಲಿ ಖಾದರ್ ಚಾಚಾ ಅದನ್ನು ಎತ್ತಿ ನೋಡಿ, "ಪೆನ್ಸಿಲ್ ಹಚ್ಚಿಲ್ಲ ಏನೋ ಬೇಟಾ?" ಅಂದಿದ್ದ. ಹಚ್ಚಿರಲಿಲ್ಲ.

ಸಿದ್ದಮ್ಮ ಫೋಟೋವನ್ನು ಬೆಳಕಿಗೆ ಹಿಡಿದರು. ದೂರ ಇಟ್ಟು ನೋಡಿದರು, ಹತ್ತಿರ ತಂದು ನೋಡಿದರು. ಗೋಡೆಯ ಮೇಲಿದ್ದ ತಮ್ಮ ಹಳೆಯ ಫೋಟೋದ ಕಡೆ ಒಮ್ಮೆ ನೋಡಿದರು. ಯಾವುದೋ ಸ್ಟುಡಿಯೋದಲ್ಲಿ ಯಾರೋ ನನ್ನಂಥವನು ಬೆಳ್ಳಗೆ ಮಾಡಿಕೊಟ್ಟದ್ದು ಅದು.

"ನಾ ಇಷ್ಟು ಕರಿ ಅದೀನೇನಲೇ?" ಅಂತ ನನ್ನನ್ನು ಕೇಳಿದರು.

ಉತ್ತರ ಕೊಟ್ಟವಳು ನೀಲಾ. "ಹೂಂ ಅಜ್ಜಿ. ನನ್ನಷ್ಟ."

ಸಿದ್ದಮ್ಮ ಅವಳನ್ನು ನೋಡಿದರು, ಫೋಟೋ ನೋಡಿದರು. ಆಮೇಲೆ ಸೆರಗಿನಿಂದ ಗಾಜು ಒರೆಸಿ, "ಗೋಡಿಗೆ ಹೊಡ್ಯಾಕ ಒಂದು ಮೊಳಿ ತಗೊಂಡ ಬಾ ನೀಲಾ" ಅಂದರು.